ಮೂರು ತಿಂಗಳು ಕೂಡಿಹಾಕಿದರೆ ಸರಿಯಾಗಲಿಕ್ಕಿಲ್ವಾ?

"ಅವನು ಯಾರ ಮಾತೂ ಕೇಳುವುದಿಲ್ಲ ಅಕ್ಕಾ. ಮೂರು ತಿಂಗಳು ಎಲ್ಲಾದರೂ ಕೂಡಿಹಾಕಿದರೆ ಸರಿಯಾಗಲಿಕ್ಕಿಲ್ವಾ?"

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಾವು ನಾಲ್ಕೈದು ಜನ ಸೇರಿ ನಡೆಸುವ ಕೋಣೆಗೆ ಬರುವ, ನಶೆಗೆ ಬಿದ್ದ ಮಕ್ಕಳ ಅಪ್ಪ ಅಮ್ಮಂದಿರು ಕೂತ ಹತ್ತು ನಿಮಿಷದೊಳಗೆ ಇದನ್ನೇ ಕೇಳುತ್ತಾರೆ. ಬಸ್ಸಿನಲ್ಲಿ ಸಿಕ್ಕಿದವರು, ಮದುವೆ ಊಟದಲ್ಲಿ ಪಕ್ಕ ಕೂತವರು ದನಿ ತಗ್ಗಿಸಿ ಕೇಳುತ್ತಾರೆ. ನಮ್ಮಲ್ಲಿ ಫೀಸಿಲ್ಲ, ಹಾಸಿಗೆಯೂ ಇಲ್ಲ. ಸಂಜೆ ಹೊತ್ತು ಹುಡುಗ ಹುಡುಗಿಯರ ಜೊತೆ, ಮನೆಯವರ ಜೊತೆ ಕೂತು ಮಾತಾಡುತ್ತೇವೆ. ಬೇಕಾದರೆ ಡಾಕ್ಟರ ಹತ್ತಿರ ಜೊತೆಗೆ ಹೋಗುತ್ತೇವೆ.

ನನ್ನ ಉತ್ತರ, ಬೇಡ. ಅವನು ಒಪ್ಪುವವರೆಗೆ ಕಾಯುವುದೂ ಬೇಡ. ಮೊದಲು ನೀವು ಬನ್ನಿ.

ನನ್ನ ಚಿಕ್ಕಮ್ಮನ ಮಗನನ್ನು ಹಾಗೆಯೇ ನಶೆ ಬಿಡಿಸುವ ಕೇಂದ್ರಕ್ಕೆ ಸೇರಿಸಿದ್ದರು. ರಾತ್ರಿ ಮಲಗಿದ್ದವನನ್ನು ನಾಲ್ಕು ಜನ ಎತ್ತಿ ಜೀಪಿಗೆ ಹಾಕಿದರು. ಅಂಗಳದಲ್ಲಿ ಅವನ ಒಂದು ಚಪ್ಪಲಿ ಉಳಿದಿತ್ತು, ಚಿಕ್ಕಮ್ಮ ಅದನ್ನು ತೊಳೆದು ಜಗಲಿಯಲ್ಲಿ ಇಟ್ಟಿದ್ದರು. ಮೂರು ತಿಂಗಳು ಕಳೆದು ಮೈ ತುಂಬಿಕೊಂಡು ಬಂದ. ಹದಿನೈದು ದಿನದಲ್ಲಿ ಮತ್ತೆ ಶುರುವಾಯಿತು. ಆಮೇಲೆ ಎರಡು ವರ್ಷ ಮನೆಯವರ ಹತ್ತಿರ ತನ್ನ ವಿಷಯ ಏನೂ ಹೇಳಲಿಲ್ಲ. ನಾನು ಈ ಕೆಲಸಕ್ಕೆ ಬಂದದ್ದು ಅವನಿಂದಾಗಿ.

ಕಳೆದ ವರ್ಷ ಒಬ್ಬರು ಅಮ್ಮ ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಇಟ್ಟರು. ಹೆಬ್ಬೆರಳ ಉಗುರಿನಷ್ಟು ದೊಡ್ಡದು, ಮೇಲೆ ಜಿಪ್, ಒಳಗೆ ಖಾಲಿ. ಅಡಿಕೆ ಸುಲಿದು ಅವರ ಬೆರಳುಗಳು ಕಪ್ಪಾಗಿದ್ದವು. "ಇದರಲ್ಲಿ ಎಂತ ಇತ್ತು?" ಅಂತ ಕೇಳಿದರು. ಎಂಡಿಎಂಎ ಅನ್ನುವ ರಾಸಾಯನಿಕ ಮಾದಕ ವಸ್ತು ಇರಬಹುದು ಅಂದೆ. ಸಿಕ್ಕಿದ ದಿನವೇ ಅದನ್ನು ಮಗನ ಮುಖಕ್ಕೆ ಹಿಡಿದು ಬೈದಿದ್ದರಂತೆ. ಅವತ್ತಿನಿಂದ ಅವನು ಅವರ ಜೊತೆ ಊಟಕ್ಕೆ ಕೂರುವುದಿಲ್ಲ.

ಎರಡು ತಿಂಗಳು ನಾವು ಅವರ ಜೊತೆ ಮಾತ್ರ ಕೂತೆವು. ಮಗ ನಶೆಯಲ್ಲಿ ಬಂದ ರಾತ್ರಿ ಏನೂ ಕೇಳಬೇಡಿ, ಮರುದಿನ ಅವನು ಸರಿ ಇರುವಾಗ ನಾಲ್ಕೇ ಮಾತು ಆಡಿ. ಕೈಗೆ ದುಡ್ಡು ಕೊಡಬೇಡಿ, ಅವನ ಸಾಲ ತೀರಿಸಬೇಡಿ, ಕಾಲೇಜಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳಬೇಡಿ. ಚೆನ್ನಾಗಿದ್ದ ದಿನ ಹತ್ತಿರ ಕೂತು, ಅವನಿಗೆ ಇಷ್ಟದ್ದು ಮಾಡಿ ಬಡಿಸಿ. ಅವರು ಮಾಡಿದ್ದು ಬಸಳೆ ಸಾರು. ಇದು ನಮ್ಮ ಕಲ್ಪನೆಯ ವಿದ್ಯೆ ಅಲ್ಲ. ಮನೆಯವರಿಗೆ ಹೀಗೆ ಕಲಿಸುವ ಕ್ರಮಕ್ಕೆ ಕ್ರಾಫ್ಟ್ ಅಂತ ಹೆಸರು. ಅಮೆರಿಕದಲ್ಲಿ, ಚಿಕಿತ್ಸೆ ಬೇಡ ಎನ್ನುತ್ತಿದ್ದ ಕುಡುಕರ ಮನೆಯವರ ಮೇಲೆ ಇದನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಈ ಕ್ರಮದಲ್ಲಿ ನೂರಕ್ಕೆ 64 ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸುತ್ತ ಕೂತು ಎದುರೆದುರೇ ಹೇಳುವ ಕ್ರಮದಲ್ಲಿ ಬಂದದ್ದು 30.

ಒಂದು ಸಂಜೆ ಆ ಹುಡುಗ ಬಾಗಿಲ ಹತ್ತಿರ ನಿಂತಿದ್ದ. "ಅಮ್ಮನಿಗೆ ನೀವು ಎಂತ ಹೇಳಿಕೊಡ್ತೀರಿ ಅಂತ ನೋಡ್ಲಿಕ್ಕೆ ಬಂದದ್ದು" ಅಂದ. ಮೂರನೇ ಸಲ ಬಂದಾಗ ಬಾಯಿಬಿಟ್ಟ. ಅಪ್ಪ ತೀರಿಹೋದ ಮೇಲೆ ಅವನಿಗೆ ರಾತ್ರಿ ನಿದ್ದೆಯೇ ಇಲ್ಲ. ಎದೆ ಬಡಿದುಕೊಳ್ಳುವುದು, ಸತ್ತೇಹೋಗ್ತೇನೆ ಅನ್ನಿಸುವುದು. ಗಾಂಜಾ ಎಳೆದರೆ ನಿದ್ದೆ ಬರುತ್ತಿತ್ತು. ಶುರುವಾದದ್ದು ಹಾಗೆ. ಆ ಭಯಕ್ಕೆ ಈಗ ಬೇರೆ ಚಿಕಿತ್ಸೆ ನಡೆಯುತ್ತಿದೆ. ಅದನ್ನು ಬಿಟ್ಟು ಬರೀ ನಶೆ ಬಿಡಿಸಿದ್ದರೆ ರಾತ್ರಿಗಳು ಅವನಿಗೆ ಹಾಗೇ ಉಳಿಯುತ್ತಿದ್ದವು, ಅಲ್ವಾ?

ಅವನು ಇದನ್ನೆಲ್ಲ ಹೇಳಿದ್ದು ತುಳುವಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿ ಅಲ್ಲ. ಮಲಯಾಳ ನಮ್ಮ ಮಕ್ಕಳಿಗೆ ಗೊತ್ತುಂಟು, ಆಫೀಸು, ಅಂಗಡಿಯಲ್ಲಿ ಸಾಕಾಗುತ್ತದೆ. ಅಪ್ಪ ಸತ್ತ ರಾತ್ರಿಯ ಬಗ್ಗೆ ಹೇಳಲು ಮನೆಮಾತೇ ಬೇಕು. ಕನ್ನಡ, ತುಳು, ಬ್ಯಾರಿ ಬರುವ ಕೌನ್ಸೆಲರ್ ಕೊಡಿ ಅಂತ ನಾನು ಹೋದಲ್ಲೆಲ್ಲ ಕೇಳುತ್ತೇನೆ. ನೀವೂ ಕೇಳಿ.

ಕಾನೂನೂ ಕೂಡಿಹಾಕುವುದನ್ನು ಸುಲಭ ಮಾಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಆಗುವ ಮನಸ್ಸಿನ ತೊಂದರೆಗಳೂ ಸೇರಿವೆ. ಹದಿನೆಂಟು ದಾಟಿದವರನ್ನು ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ ಡಾಕ್ಟರೋ ಮಾನಸಿಕ ಆರೋಗ್ಯ ತಜ್ಞರೋ ಆಗಿರುವ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ತನಗೋ ಇನ್ನೊಬ್ಬರಿಗೋ ಅಪಾಯ ಮಾಡುವಂತಿರಬೇಕು, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದ ಸ್ಥಿತಿ ಇರಬೇಕು. ಮೊದಲ ಸಲ ಹೆಚ್ಚೆಂದರೆ 30 ದಿನ. ಜೀಪಿಗೆ ಎತ್ತಿಹಾಕುವುದಕ್ಕೆ ಇದರಲ್ಲಿ ಜಾಗ ಇಲ್ಲ. ಪೊಲೀಸ್ ಕೇಸಿನ ಹೆದರಿಕೆಯೂ ಹಲವರಿಗೆ ಉಂಟು. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಾದರೆ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋಗುವ ವ್ಯಸನಿಗೆ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು.

ಆದರೆ ಕೆಲವು ಸಲ ಕಾಯಲೇಬಾರದು. ಸಾಯುತ್ತೇನೆ ಅಂದರೆ, ಇಲ್ಲದ್ದು ಕಾಣಿಸುತ್ತದೆ ಅಂದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ದಿನಾ ಜಾಸ್ತಿ ಕುಡಿಯುವವನನ್ನು ಕೋಣೆಗೆ ಹಾಕಿ ಚಿಲಕ ಹಾಕಿದರೆ ಎರಡು ಮೂರು ದಿನದಲ್ಲಿ ಕೈ ನಡುಗಿ, ಬೆವರಿ, ಬುದ್ಧಿ ಕಲಸಿ ಜೀವಕ್ಕೇ ಕುತ್ತು ಬರಬಹುದು. ಅದನ್ನು ಡಾಕ್ಟರ ಕಣ್ಣೆದುರೇ ಬಿಡಿಸಬೇಕು.

ರಾತ್ರಿ ಯಾರ ಹತ್ತಿರ ಮಾತಾಡುವುದು ಅಂತ ಗೊತ್ತಾಗದಿದ್ದರೆ 14416 ಒತ್ತಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 24 ಗಂಟೆಯೂ ಉಂಟು, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ನಶೆ ಬಿಡಿಸಲು ಕೇರಳ ಅಬಕಾರಿ ಇಲಾಖೆ ನಡೆಸುವ ವಿಮುಕ್ತಿ ಯೋಜನೆಯ ನಂಬರ್ 14405.

ಆ ಹುಡುಗ ಆಮೇಲೆ ಎರಡು ಸಲ ಜಾರಿದ. ಮೊದಲ ಸಲ ಮೂರು ವಾರ ನಮ್ಮ ಕಣ್ಣಿಗೇ ಬೀಳಲಿಲ್ಲ. ಎರಡನೇ ಸಲ, ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. "ಅಕ್ಕಾ, ಇವತ್ತು ತಗೊಂಡೆ. ಅಮ್ಮನಿಗೆ ಹೇಳಿ ಆಯ್ತು. ನಾಳೆ ಬರ್ಲಾ?"