ತಿರುವಿನ ದಾರಿಗೆ ಯಾವ ಬೈಕು? ಮೂರು ಗಾಡಿ, ಒಂದು ದಿನ, 280 ಕಿಲೋಮೀಟರ್

ಹಿಂದಿನ ಬೈಕನ್ನು ನಾನು ಷೋರೂಮಿನ ಸುತ್ತ ಎರಡು ಕಿಲೋಮೀಟರ್ ಓಡಿಸಿ ತಗೊಂಡಿದ್ದೆ. ನೇರ ರಸ್ತೆಯಲ್ಲಿ ಬಹಳ ಸುಖ ಕೊಟ್ಟ ಗಾಡಿ ಅದು. ಬೆಟ್ಟದ ದಾರಿಗೆ ಕರೆದೊಯ್ದರೆ ಮಾತ್ರ ಪ್ರತಿ ತಿರುವಿನಲ್ಲೂ ಅದರ ಜೊತೆ ಗುದ್ದಾಡಬೇಕಿತ್ತು. ಎರಡನೇ ಸಲ ಹಾಗಾಗಬಾರದು ಅಂತ ಇಬ್ಬರು ಗೆಳೆಯರನ್ನು ಒಪ್ಪಿಸಿದೆ. ಮೂವರಿಗೂ ಬೈಕು ಬದಲಾಯಿಸುವ ಯೋಚನೆ ಇತ್ತು. ಮೂರು ಬಗೆಯ ಗಾಡಿ ಹೊಂದಿಸಿಕೊಂಡೆವು: ಒಂದೇ ಸಿಲಿಂಡರಿನ 400 ಸಿಸಿ, ಎರಡು ಸಿಲಿಂಡರಿನ 650 ಸಿಸಿ, ಮತ್ತೊಂದು ಎತ್ತರದ ಅಡ್ವೆಂಚರ್ ಬೈಕು.

ಒಟ್ಟು 280 ಕಿ.ಮೀ. ಹೋಗಲು 70, ಬರಲು 70 ನೇರ ರಸ್ತೆ. ನಡುವಿನ 140 ಪೂರ್ತಿ ತಿರುವು. ಆ 140ನ್ನು ಆರು ತುಂಡು ಮಾಡಿ, ತುಂಡಿಗೊಮ್ಮೆ ಗಾಡಿ ಬದಲಾಯಿಸಿದೆವು. ಹೀಗೆ ಪ್ರತಿ ಬೈಕೂ ಪ್ರತಿಯೊಬ್ಬರ ಕೈಗೆ ಎರಡು ಸಲ ಬಂತು, ಮೈ ಹಗುರವಾಗಿದ್ದಾಗ ಒಮ್ಮೆ, ದಣಿದ ಮೇಲೆ ಒಮ್ಮೆ. ನೀವೂ ಇಂಥದ್ದು ಮಾಡುವುದಾದರೆ ದಣಿದ ಮೇಲಿನ ಆ ಸುತ್ತನ್ನು ಮಾತ್ರ ಬಿಡಬೇಡಿ.

ಮೊದಲ 70 ಕಿ.ಮೀ. ಮುಗಿದಾಗ ಮೂವರ ಮತವೂ 650ಕ್ಕೇ. ನೂರರ ವೇಗದಲ್ಲಿ ಅದು ನಡುಗದೆ ತೇಲಿಕೊಂಡು ಹೋಗುತ್ತೆ. 400ರಲ್ಲಿ ಅದೇ ವೇಗಕ್ಕೆ ಫುಟ್‌ಪೆಗ್ಗಿನಿಂದ ಅಂಗಾಲಿಗೆ ಸಣ್ಣ ನಡುಕ ಹತ್ತುತ್ತೆ, ಅರ್ಧ ಗಂಟೆ ಕಳೆದರೆ ಬಲಗೈ ಬೆರಳು ಜುಮ್ಮೆನ್ನುತ್ತೆ. ಅಲ್ಲಿಂದಲೇ ವಾಪಸ್ ಬಂದಿದ್ದರೆ ನಾನು 650 ತಗೊಳ್ಳುತ್ತಿದ್ದೆ.

ತಿರುವು ಶುರುವಾದ ಮೇಲೆ ಮೊದಲು ಮಾತಾಡಿದ್ದು ತೂಕ. 400ರ ವರ್ಗದಲ್ಲಿ ಟ್ರಯಂಫ್ ಸ್ಪೀಡ್ 400 ಸುಮಾರು 175 ಕೆಜಿ, ಕೆಟಿಎಂ 390 ಡ್ಯೂಕ್ ಇನ್ನೂ ಹಗುರ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಪೆಟ್ರೋಲ್ ಸೇರಿ 215 ಕೆಜಿ ದಾಟುತ್ತೆ. ಎರಡು ಸಿಲಿಂಡರ್ ಇದ್ದರೆ ಭಾರವೇ ಎಂದಲ್ಲ, ಯಮಾಹ ಎಂಟಿ-07 689 ಸಿಸಿಯಾದರೂ 184 ಕೆಜಿಯ ಆಸುಪಾಸಿನದು. ಹಾಗಾಗಿ ಸಿಸಿ ನೋಡುವ ಮೊದಲು ತೂಕ ನೋಡಿ. ಅಗಲ ರಸ್ತೆಯ ಉದ್ದ ತಿರುವುಗಳಲ್ಲಿ 40 ಕೆಜಿ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಎಡಕ್ಕೆ ಮಲಗಿಸಿ ತಕ್ಷಣ ಬಲಕ್ಕೆ ಮಲಗಿಸಬೇಕಾದ ಇಕ್ಕಟ್ಟಿನಲ್ಲಿ, ಇಳಿಜಾರಿನ ಹೇರ್‌ಪಿನ್‌ನಲ್ಲಿ, ದಾರಿ ತಪ್ಪಿ ಗಾಡಿ ತಿರುಗಿಸುವಾಗ ಅದೇ 40 ಕೆಜಿ ತೋಳಿಗೆ ಬರುತ್ತೆ.

ಪವರ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ: 40 ಮೀಟರ್ ತ್ರಿಜ್ಯದ ತಿರುವನ್ನು 50ರ ವೇಗದಲ್ಲಿ ದಾಟಲು ಬೈಕು ಸುಮಾರು 26 ಡಿಗ್ರಿ ಮಲಗಬೇಕು. 60ಕ್ಕೆ ಏರಿಸಿದರೆ 35 ಡಿಗ್ರಿ. ಆಚೆ ಕಾಣದ ತಿರುವಿನಲ್ಲಿ 50 ಎಂದರೂ ಸೆಕೆಂಡಿಗೆ 14 ಮೀಟರ್ ಹೋಗಿಬಿಟ್ಟಿರುತ್ತೇವೆ. ಇಂಥ ದಾರಿಯಲ್ಲಿ 40 ಕುದುರೆಶಕ್ತಿಯನ್ನು ಪೂರ್ತಿ ಬಳಸಲು ಜಾಗವೇ ಸಿಗುವುದಿಲ್ಲ. ಬೇಕಾಗುವುದು ಮೂರನೇ ಗೇರಿನಲ್ಲಿ, ಇಂಜಿನ್ ಕಿರುಚದ ಮಟ್ಟದಲ್ಲಿ ಸಿಗುವ ಎಳೆತ. ಅದರಲ್ಲಿ 650 ಗೆದ್ದಿತು. ಸ್ಪೀಡ್ 400ರದು 37.5 ನ್ಯೂಟನ್ ಮೀಟರ್ ಟಾರ್ಕ್ (ಇಂಜಿನ್ನಿನ ತಿರುಗಿಸುವ ಬಲ), ಇಂಟರ್‌ಸೆಪ್ಟರಿನದು ಸುಮಾರು 52. ಗೇರ್ ಬದಲಾಯಿಸುವ ಕೆಲಸ ಅರ್ಧಕ್ಕರ್ಧ ಉಳಿಯುತ್ತೆ. ಇಂಟರ್‌ಸೆಪ್ಟರ್, ಎಂಟಿ-07 ಎರಡರಲ್ಲೂ ಇರುವ 270 ಡಿಗ್ರಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ನನಗೆ ತುಂಬಾ ಇಷ್ಟ. ಎರಡು ಸಿಲಿಂಡರಿನೊಳಗಿನ ಸ್ಫೋಟಗಳು ಸಮ ಅಂತರದಲ್ಲಿ ಬರುವುದಿಲ್ಲ, ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರ ರಸ್ತೆಯನ್ನು ಹಿಡಿದು ಹಿಡಿದು ತಳ್ಳುವುದು ಸೀಟಿಗೇ ಗೊತ್ತಾಗುತ್ತೆ.

ಇನ್ನು ಥ್ರಾಟಲ್, ಅಂದರೆ ಆಕ್ಸಿಲರೇಟರ್. ನನ್ನ ಮಟ್ಟಿಗೆ ತಿರುವಿನ ದಾರಿಯ ಬೈಕನ್ನು ತೀರ್ಮಾನಿಸುವುದೇ ಇದು. ತಿರುವಿಗೆ ಮೊದಲು ಥ್ರಾಟಲ್ ಪೂರ್ತಿ ಬಿಡುತ್ತೇವೆ, ಬೈಕು ಮಲಗಿದ ಮೇಲೆ ಕೂದಲೆಳೆಯಷ್ಟು ತೆರೆಯುತ್ತೇವೆ. ಆ ಕ್ಷಣದಲ್ಲಿ ಗಾಡಿ ಜರ್ಕ್ ಹೊಡೆದರೆ ಹಿಡಿದ ಗೆರೆ ತಪ್ಪುತ್ತೆ. ಮೂರರಲ್ಲಿ ಒಂದು ಗಾಡಿ ಹೀಗೇ ಮಾಡುತ್ತಿತ್ತು. ಎರಡನೇ ಗೇರಿನಲ್ಲಿ 30ರ ಆಸುಪಾಸಿನಲ್ಲಿ ಥ್ರಾಟಲ್ ಬಿಟ್ಟು ಹಿಡಿದರೆ ಟಕ್ ಅಂತ ಒಂದು ಏಟು. ಇಂಜಿನ್ನೇ ಒರಟು ಅಂತ ಮೂವರೂ ಷರಾ ಬರೆದಾಗಿತ್ತು. ಮರದ ನೆರಳಲ್ಲಿ ನಿಲ್ಲಿಸಿದಾಗ ಗೆಳೆಯ ಸುಮ್ಮನೆ ಚೈನಿನ ಕೆಳಗೆ ಬೆರಳಿಟ್ಟು ಎತ್ತಿದ. ಅದು ಎರಡು ಬೆರಳಿನ ಅಗಲಕ್ಕಿಂತ ಜಾಸ್ತಿ ಜೋಲಾಡುತ್ತಿತ್ತು, ಸ್ವಿಂಗ್‌ಆರ್ಮಿಗೆ (ಹಿಂದಿನ ಚಕ್ರ ಹಿಡಿದಿರುವ ತೋಳಿಗೆ) ಬಡಿದು ಬಡಿದು ರಬ್ಬರಿನ ಮೇಲೆ ಹೊಳೆಯುವ ಗೆರೆ ಬಿದ್ದಿತ್ತು. ಕೈಪಿಡಿ ಹೇಳಿದ ಅಳತೆಗೆ ಅಲ್ಲೇ ಬಿಗಿ ಮಾಡಿದೆವು. ಮುಂದಿನ ತಿರುವಿನಲ್ಲಿ ಆ ಏಟು ಮುಕ್ಕಾಲು ಪಾಲು ಇಲ್ಲ! ಆದ್ದರಿಂದ ಬೇರೆಯವರ ಗಾಡಿ ಓಡಿಸಿ ನೋಡುವ ಮೊದಲು ಚೈನು ಮುಟ್ಟಿ ನೋಡಿ, ಟೈರಿನ ಗಾಳಿ ಅಳೆಯಿರಿ. ಗಾಳಿ ಕಮ್ಮಿಯಿದ್ದರೆ ಎಂಥ ಹಗುರ ಬೈಕೂ ತಿರುವಿಗೆ ಮೊಂಡು ಹಿಡಿಯುತ್ತೆ, ನೀವು ಬೈಯುವುದು ಮಾತ್ರ ಚಾಸಿಯನ್ನು.

ಅಡ್ವೆಂಚರ್ ಬೈಕಿನ ಬಗ್ಗೆ ನಮ್ಮಲ್ಲೇ ಜಗಳವಾಯಿತು. ರಸ್ತೆ ಕಿತ್ತುಹೋದ ಆರೇಳು ಕಿಲೋಮೀಟರಿನಲ್ಲಿ ಅದೇ ರಾಜ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರಂಥವಕ್ಕೆ ಮುಂದೆ 21 ಇಂಚಿನ ಚಕ್ರ, ಹಿಂದೆ ಮುಂದೆ 200 ಮಿ.ಮೀ. ಆಡುವ ಸಸ್ಪೆನ್ಶನ್. ಗುಂಡಿಯೆಲ್ಲ ಹೊಟ್ಟೆಗೆ ಹಾಕಿಕೊಂಡು ಹೋಗುತ್ತವೆ. ಎತ್ತರಕ್ಕೆ ಕೂರುವುದರಿಂದ ಮುಂದಿನ ರಸ್ತೆಯೂ ಚೆನ್ನಾಗಿ ಕಾಣುತ್ತೆ. ಆದರೆ ಒಳ್ಳೆ ಡಾಂಬರಿನಲ್ಲಿ ಇಷ್ಟು ಉದ್ದ ಆಡುವ ಸಸ್ಪೆನ್ಶನ್ ಬ್ರೇಕಿಗೆ ಮುಂದಕ್ಕೆ ಬಾಗುತ್ತೆ, ಬಿಟ್ಟರೆ ಏಳುತ್ತೆ. ದೊಡ್ಡ ಚಕ್ರ 17 ಇಂಚಿನದರಷ್ಟು ಬೇಗ ತಿರುಗುವುದಿಲ್ಲ. ನಿಮ್ಮ ದಾರಿಯ ಕಾಲು ಭಾಗಕ್ಕಿಂತ ಹೆಚ್ಚು ಕೆಟ್ಟಿದ್ದರೆ ಈ ಬಗೆಯನ್ನೇ ತಗೊಳ್ಳಿ ಅನ್ನುತ್ತೇನೆ. ಅಷ್ಟಿಲ್ಲದಿದ್ದರೆ ಬೇಡ. 19 ಇಂಚಿನ ಮುಂಚಕ್ರದ, ಎರಡು ಸಿಲಿಂಡರಿನ ಹೋಂಡಾ ಎನ್‌ಎಕ್ಸ್500 ನಡುವಿನ ದಾರಿ. ನಮಗೆ ಅದು ಸಿಗಲಿಲ್ಲ ಅನ್ನುವುದೊಂದೇ ಕೊರಗು.

ಎಬಿಎಸ್, ಅಂದರೆ ಬ್ರೇಕ್ ಗಟ್ಟಿಯಾಗಿ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇಲ್ಲದ್ದನ್ನು ಯೋಚಿಸಲೇ ಬೇಡಿ. ಸಾಮಾನ್ಯ ಎಬಿಎಸ್‌ಗೆ ಬೈಕು ಮಲಗಿದೆಯೋ ನೆಟ್ಟಗಿದೆಯೋ ತಿಳಿಯುವುದಿಲ್ಲ. 390 ಡ್ಯೂಕ್‌ನಂಥವುಗಳಲ್ಲಿ ಬರುವ ಕಾರ್ನರಿಂಗ್ ಎಬಿಎಸ್ ಎಷ್ಟು ಮಲಗಿದೆ ಅಂತ ಸೆನ್ಸರಿನಿಂದ ಅಳೆದು ಬ್ರೇಕಿನ ಒತ್ತಡ ಹಿಡಿಯುತ್ತೆ. ನಾಲ್ಕನೇ ತುಂಡಿನಲ್ಲಿ ಒಂದು ತಿರುವಿನಾಚೆ ರಸ್ತೆಯ ಅರ್ಧಕ್ಕೆ ಜಲ್ಲಿ ಹರಡಿತ್ತು. ನಿಧಾನವಾಗಿದ್ದೆ, ಬೈಕು ನೆಟ್ಟಗೆ ಮಾಡಿಕೊಂಡು ಬ್ರೇಕ್ ಹಿಡಿಯಲು ಜಾಗ ಸಿಕ್ಕಿತು. ಆವತ್ತಿನಿಂದ ಈ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೊಡಲು ನನಗೆ ಬೇಸರವಿಲ್ಲ.

ಮಧ್ಯಾಹ್ನದ ಮೇಲೆ ಎಲ್ಲ ಬದಲಾಯಿತು. ಐದನೇ ತುಂಡು ಮುಗಿಸಿ 650ರಿಂದ ಇಳಿದ ಗೆಳೆಯ ಕೈಗವಸು ಕಳಚುತ್ತಾ, "ಇದನ್ನ ಇನ್ನು ನೀನೇ ಇಟ್ಕೊಳಪ್ಪ, ನನ್ನ ಭುಜ ಸೋತೋಯ್ತು" ಅಂದ. ಬೆಳಿಗ್ಗೆ ಅದನ್ನು ಬಿಟ್ಟುಕೊಡಲು ಒಲ್ಲೆ ಅಂದಿದ್ದವನು ಅವನೇ. ನನಗೂ ಹಾಗೇ ಆಯಿತು. ದಣಿದಾಗ ತಿರುವಿಗೆ ತಡವಾಗಿ ಮಲಗಿಸುತ್ತೇವೆ, ಬ್ರೇಕ್ ಜಾಸ್ತಿ ಹಿಡಿಯುತ್ತೇವೆ. ಹಗುರ ಗಾಡಿ ಈ ತಪ್ಪುಗಳನ್ನು ಕ್ಷಮಿಸುತ್ತೆ. 400ರಲ್ಲಿ ಆರನೇ ತುಂಡು ಮುಗಿಸಿದಾಗ ಇನ್ನೊಂದು ಸುತ್ತು ಹೋಗೋಣವೇ ಅನ್ನಿಸಿತು. ಅದರ ಹಿಂದಿನ ಸಸ್ಪೆನ್ಶನ್ ಮಾತ್ರ ನನ್ನ ತೂಕಕ್ಕೆ ಬಿಗಿಯಾಗಿತ್ತು. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಟ್ಟಿರುವ ಬಿಗಿ) ಎರಡು ಮೆಟ್ಟಿಲು ಇಳಿಸಿದ ಮೇಲೆ ಉಬ್ಬುಗಳಲ್ಲಿ ಹಿಂಬದಿ ಎಗರುವುದು ನಿಂತಿತು. ನೀವು ಕೂತಾಗ ಸಸ್ಪೆನ್ಶನ್ ತನ್ನ ಒಟ್ಟು ಆಟದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕುಗ್ಗಬೇಕು. ಟೇಪು ಹಿಡಿದು ಇಬ್ಬರು ಸೇರಿ ಅಳೆದರೆ ಐದು ನಿಮಿಷದ ಕೆಲಸ.

ಹೊರಡುವ ಮುನ್ನ ಎರಡು ಮಾತು. ಒಬ್ಬರ ಗಾಡಿ ಇನ್ನೊಬ್ಬರು ಓಡಿಸಿದರೆ ವಿಮೆ ಅನ್ವಯಿಸುತ್ತದೆಯೇ ಅಂತ ಮೊದಲೇ ಓದಿಕೊಳ್ಳಿ. ಸ್ಪೀಡ್ 400ಕ್ಕೆ 13 ಲೀಟರ್, ಹಿಮಾಲಯನ್ 450ಕ್ಕೆ 17 ಲೀಟರ್ ಟ್ಯಾಂಕು. ಹೀಗೆ ವ್ಯತ್ಯಾಸ ಇರುವುದರಿಂದ ಚಿಕ್ಕ ಟ್ಯಾಂಕಿನ ಲೆಕ್ಕದಲ್ಲೇ ಪೆಟ್ರೋಲ್ ಹಾಕಿಸಿ.

ಕೊನೆಗೆ ನಾನು ತಗೊಂಡಿದ್ದು 400 ಸಿಸಿಯದನ್ನೇ. ದಿನದ ಅರ್ಧ ನೇರ ರಸ್ತೆ ಇರುವವರಿಗೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವವರಿಗೆ 650ರ ವರ್ಗದಲ್ಲೇ ಹಗುರವಾದದ್ದನ್ನು ಹುಡುಕಿ ಅನ್ನುತ್ತೇನೆ. ನಾನು ಒಬ್ಬನೇ ಹೋಗುವವನು, ಹೋಗುವುದೂ ತಿರುವಿಗಾಗಿಯೇ. ನೇರ ರಸ್ತೆಯಲ್ಲಿ 85 ದಾಟಿಸುವುದಿಲ್ಲ, ಅಲ್ಲಿಯವರೆಗೆ ಬೆರಳು ಜುಮ್ಮೆನ್ನುವುದಿಲ್ಲ. ಬೆಟ್ಟದ ಬುಡಕ್ಕೆ ಮೊದಲಿನ ಹೊತ್ತಿಗೇ ತಲುಪಬೇಕೆಂದು ಈಗ ಮನೆಯಿಂದ ಕಾಲು ಗಂಟೆ ಬೇಗ ಹೊರಡುತ್ತೇನೆ.