ಫ್ಯಾನಿನ ಸದ್ದು, ಕೇಸಿನೊಳಗಿನ ಬಿಸಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಕೇಸನ್ನು, ಅಂದರೆ ಹೊರಪೆಟ್ಟಿಗೆಯನ್ನು, ಪರೀಕ್ಷಿಸುವಾಗ ಪ್ರೊಸೆಸರ್ ಎಷ್ಟು ಡಿಗ್ರಿ ಮುಟ್ಟಿತು ಎಂಬುದಕ್ಕಿಂತ, ಕೋಣೆಯ ಗಾಳಿಗಿಂತ ಅದು ಎಷ್ಟು ಡಿಗ್ರಿ ಹೆಚ್ಚಿತು ಎಂಬುದನ್ನೇ ನಾನು ಬರೆದಿಟ್ಟುಕೊಳ್ಳುತ್ತೇನೆ. ಏಕೆಂದರೆ ಕೋಣೆ 3 ಡಿಗ್ರಿ ಬಿಸಿಯಾದರೆ ಒಳಗಿನ ಅಂಕಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಪ್ರೊಸೆಸರಿಗೆ ಪೂರ್ಣ ಕೆಲಸದ ಹೊರೆ ಹಾಕಿ ಅರ್ಧ ಗಂಟೆಯಾದರೂ ಕಾಯದೆ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.

ಸದ್ದಿನ ವಿಚಾರ ಇನ್ನೂ ಸೂಕ್ಷ್ಮ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯ ಹರಿವೂ ಸುಮಾರು ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ತಗ್ಗುತ್ತದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ತಳ್ಳಬಲ್ಲದು, ಆದ್ದರಿಂದ 120 ಮಿ.ಮೀ. ಫ್ಯಾನುಗಳನ್ನು ವೇಗವಾಗಿ ಓಡಿಸುವುದಕ್ಕಿಂತ 140 ಮಿ.ಮೀ. ಫ್ಯಾನುಗಳನ್ನು ನಿಧಾನವಾಗಿ ತಿರುಗಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೂ ಸದ್ದು ಅಳೆಯುವ ಮೀಟರ್ ಎಲ್ಲವನ್ನೂ ಹೇಳುವುದಿಲ್ಲ. ನನ್ನ ಕೇಸು ಫ್ಯಾನಿನ ವೇಗ 900 ಆರ್‌ಪಿಎಂ (ನಿಮಿಷಕ್ಕೆ 900 ಸುತ್ತು) ಆಸುಪಾಸಿನಲ್ಲಿದ್ದಾಗ ಮಾತ್ರ ಗುಂಯ್ ಎನ್ನುತ್ತಿತ್ತು. ಪಕ್ಕದ ತಗಡಿನ ಮೇಲೆ ಬೆರಳೊತ್ತಿದ ಕೂಡಲೇ ಆ ಸದ್ದು ಅಡಗಿತು. ದೋಷ ಫ್ಯಾನಿನದಾಗಿರಲಿಲ್ಲ, ತಗಡು ಅದರೊಂದಿಗೆ ಕಂಪಿಸುತ್ತಿತ್ತು. ಸ್ಕ್ರೂಗಳ ಬದಲು ರಬ್ಬರ್ ಪಿನ್‌ಗಳನ್ನು ಹಾಕಿದ ಮೇಲೆ ಅದು ಕೇಳಿಸಲಿಲ್ಲ.

ಮುಂಭಾಗದ ಧೂಳಿನ ಜಾಲರಿಯನ್ನು ತೆಗೆದು ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಆಗ ಉಷ್ಣಾಂಶ ಗಣನೀಯವಾಗಿ ಇಳಿದರೆ, ಕೇಸಿಗೆ ಉಸಿರಾಡಲು ಗಾಳಿ ಸಾಲುತ್ತಿರಲಿಲ್ಲವೆಂದೇ ಅರ್ಥ.