ಕೊಲೆ ಮಾಡುವವರು ಹುಟ್ಟುತ್ತಲೇ ಹಾಗಿರುತ್ತಾರಾ?

ಕಲಬುರಗಿಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ ನಾನು. ಮದುವೆಗೆ ಹೋದರೂ, ಬಸ್ಸಿನಲ್ಲಿ ಕೂತರೂ, ಪರಿಚಯವಾದ ಸ್ವಲ್ಪ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ವಕೀಲ್ರ, ಈ ಖೂನ್ ಮಾಡಾ ಮಂದಿ ಹುಟ್ಟಾನೇ ಹಂಗಿರ್ತಾರೇನ್ರಿ?" ಬೆಂಗಳೂರು ಕಡೆಯವರು ಇನ್ನೊಂದು ಮಾತು ಸೇರಿಸುತ್ತಾರೆ: "ನಿಮ್ಮ ಭೀಮಾ ತೀರದವರ ರಕ್ತವೇ ಬಿಸಿ ಅಂತಾರಲ್ಲ ಸಾರ್?"

ಇಲ್ಲ. ರಕ್ತದಲ್ಲಿ ಅಪರಾಧ ಇರುವುದಿಲ್ಲ. ಇದೆ ಎಂದು ನಂಬಿದ್ದರಿಂದ ಆದ ಹಾನಿ ಮಾತ್ರ ಬೇಕಾದಷ್ಟಿದೆ.

1876ರಲ್ಲಿ ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ, ಅಪರಾಧಿಗಳ ದೇಹವೇ ಬೇರೆ, ತಲೆಬುರುಡೆ ದವಡೆ ನೋಡಿಯೇ ಗುರುತು ಹಿಡಿಯಬಹುದು ಎಂದು ಬರೆದ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸಾವಿರಾರು ಕೈದಿಗಳ ಅಳತೆ ತೆಗೆದು, ಬೇರೆಯವರ ಜೊತೆ ಹೋಲಿಸಿ, ಅಂಥ ದೇಹ ಎಲ್ಲೂ ಇಲ್ಲ ಎಂದು 1913ರಲ್ಲಿ ತೋರಿಸಿದ. ಆದರೆ ಬ್ರಿಟಿಷರು ನಮ್ಮ ದೇಶದಲ್ಲಿ 1871ರಲ್ಲೇ ಕಾನೂನು ತಂದು ಇಡೀ ಸಮುದಾಯಗಳನ್ನು 'ಅಪರಾಧಿ ಬುಡಕಟ್ಟು' ಎಂದು ಪಟ್ಟಿ ಮಾಡಿದ್ದರು. ಏನೂ ಮಾಡದವರೂ ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು. 1952ರಲ್ಲಿ ಆ ಕಾನೂನು ಹೋಯಿತು. ಗುಮಾನಿ ಹೋಗಲಿಲ್ಲ. ಊರಲ್ಲಿ ಕಳವಾದರೆ ಜೀಪು ಮೊದಲು ಯಾವ ಓಣಿಗೆ ಹೋಗುತ್ತದೆ ಅಂತ ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ.

ಸ್ವಭಾವ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದ ಬರುತ್ತದೆ, ಅದು ನಿಜ. ನ್ಯೂಜಿಲೆಂಡಿನ ಡುನೆಡಿನ್ ಊರಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ದೊಡ್ಡವರಾಗುವ ತನಕ ಗಮನಿಸಿದರು. ಚಿಕ್ಕಂದಿನಲ್ಲಿ ತಮ್ಮನ್ನು ತಾವು ತಡೆದುಕೊಳ್ಳಲು ಆಗದಿದ್ದವರಲ್ಲಿ ಮುಂದೆ ಕೋರ್ಟಿನಲ್ಲಿ ಶಿಕ್ಷೆಯಾದವರು ಜಾಸ್ತಿ. ಆದರೆ ಬೆಳೆಯುತ್ತ ತಡೆದುಕೊಳ್ಳುವುದನ್ನು ಕಲಿತವರ ಬದುಕು ಸುಧಾರಿಸಿತ್ತು. ಅಂದರೆ ಅದು ಹಣೆಬರಹ ಅಲ್ಲ.

ಹಾಗಾದರೆ ಖೂನ್ ಎಲ್ಲಿಂದ ಬರುತ್ತದೆ? ಒಂದು ಕೇಸು ಹೇಳುತ್ತೇನೆ. ಊರು, ಹೆಸರು ಬೇಡ.

ಭೀಮಾ ದಂಡೆಯ ಹಳ್ಳಿ. ಅಣ್ಣತಮ್ಮಂದಿರ ಮಕ್ಕಳು. ಎರಿ ಹೊಲ. ಪಾಲು ಬಾಯಿಮಾತಲ್ಲಿ ಆಗಿತ್ತು, ಪಹಣಿ ಇನ್ನೂ ಸತ್ತ ಅಜ್ಜನ ಹೆಸರಲ್ಲೇ ಇತ್ತು. ಒಬ್ಬ ಹೊಲ ಹರಗುವಾಗ ಬದುವನ್ನು ಒಂದು ಗೇಣು ಆಚೆ ಸರಿಸಿದ. ಇನ್ನೊಬ್ಬ ಸರ್ವೆಗೆ ಅರ್ಜಿ ಕೊಟ್ಟ. ಸರ್ವೆ ತಡವಾಯಿತು. ದಾವೆ ಹಾಕಿದ. ವಾಯಿದೆ ಮೇಲೆ ವಾಯಿದೆ. ಅಷ್ಟರಲ್ಲಿ ಗುಡಿ ಕಟ್ಟೆ ಮೇಲೆ ಮಾತು ಶುರುವಾಗಿತ್ತು. "ಏನಪಾ, ಹೊಲ ಬಿಟ್ಟುಕೊಟ್ಟೇನು? ಕೈಗಿ ಬಳಿ ಇಟ್ಕೊಂಡೀಯೇನು?" ಹೇಳಿದವನಿಗೆ ಅದು ಬರೀ ಚಾಷ್ಟಿ. ಕೇಳಿಸಿಕೊಂಡವನಿಗೆ ನಿದ್ದೆ ಹೋಯಿತು.

ಅವನ ಹೆಂಡತಿ ನನ್ನ ಮುಂದೆ ಹೇಳಿದ್ದು: "ಉಣ್ಣಾಕ ಕುಂತ್ರ ರೊಟ್ಟಿ ಕೈಯಾಗ ಹಿಡಕೊಂಡು ಸುಮ್ನ ಕೂಡ್ತಿದ್ರಿ. ದಾರ್‍ಯಾಗ ಅವ ಕೆಮ್ಮಿದ್ರೂ ನನಗೇ ಕೆಮ್ಮ್ಯಾನ ಅಂತಿದ್ರಿ."

ಈ ಮಾತನ್ನು ನಾನು ಮರೆತಿಲ್ಲ. ಎದುರಿನವನ ಕೆಮ್ಮಿನಲ್ಲೂ, ನಗುವಿನಲ್ಲೂ ಹಗೆ ಕಾಣುವುದು, ಅದನ್ನೇ ರಾತ್ರಿಯೆಲ್ಲ ಮನಸ್ಸಿನಲ್ಲಿ ತಿರುವಿ ಹಾಕುವುದು. ಹಿಂಸೆಯ ಬಗ್ಗೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಅಮೆರಿಕದ ಜೈಲುಗಳಲ್ಲಿ ಕೆಲಸ ಮಾಡಿದ ಮನೋವೈದ್ಯ ಜೇಮ್ಸ್ ಗಿಲ್ಲಿಗನ್, ಕೊಂದವರ ಮಾತು ಕೇಳುತ್ತ ಹೋದಂತೆ ಬುಡದಲ್ಲಿ ಸಿಗುವುದು ಅವಮಾನ ಎನ್ನುತ್ತಾರೆ. ಮರ್ಯಾದೆ ಉಳಿಸಿಕೊಳ್ಳಲು ಬೇರೆ ದಾರಿ ಕಾಣದವನ ಕೈ ಕೊಡಲಿಗೆ ಹೋಗುತ್ತದೆ. ಇಲ್ಲಿ ಆಗಿದ್ದೂ ಅದೇ. ಬಿತ್ತನೆ ದಿನ, ಕುಡಿದಿದ್ದ, ಬದುವಿನ ಮೇಲೆ ಇಬ್ಬರೂ ಎದುರಾದರು. ಒಬ್ಬ ಮಣ್ಣಿಗೆ, ಒಬ್ಬ ಜೈಲಿಗೆ. ಬಳಿ ಮಾತು ಆಡಿದವ ಆರೋಪಿ ಇರಲಿ, ಸಾಕ್ಷಿ ಪಟ್ಟಿಯಲ್ಲೂ ಇರಲಿಲ್ಲ. ಭೀಮಾ ತೀರದ ಬಿಸಿ ರಕ್ತದ ಬಗ್ಗೆ ಕೇಳುವವರಿಗೆ ನಾನು ತೋರಿಸುವುದು ಆ ಪಹಣಿ, ಆ ಸರ್ವೆ, ಆ ಕಟ್ಟೆ.

"ಎಲ್ಲಾ ಬಡತನದಿಂದ್ರಿ" ಅನ್ನುವವರೂ ಇದ್ದಾರೆ. ಅರ್ಧ ಮಾತ್ರ ಒಪ್ಪುತ್ತೇನೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು 52%, ರಾಜ್ಯದಲ್ಲೇ ಕಡಿಮೆ. ಅಲ್ಲಿಂದ, ನಮ್ಮ ಜಿಲ್ಲೆಯಿಂದ ಎಷ್ಟೋ ಮನೆಯವರು ಗುಳೆ ಹೋಗಿ ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕಲ್ಲು ಮಣ್ಣು ಹೊತ್ತು ಬದುಕುತ್ತಾರೆ. ಅವರಲ್ಲಿ ಬಹುತೇಕರು ಯಾರ ಒಂದು ರೂಪಾಯಿಯನ್ನೂ ಮುಟ್ಟಿದವರಲ್ಲ. ಉಂಡುಟ್ಟು ಚೆನ್ನಾಗಿರುವವರೇ ಫೈಲಿನ ಮೇಲೆ ದುಡ್ಡು ತಿನ್ನುವುದು ಯಾವ ಬಡತನಕ್ಕೆ? ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್ 1939ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಅಪರಾಧವನ್ನೂ ಜನ ಹತ್ತಿರದವರಿಂದ ಕಲಿಯುತ್ತಾರೆ, ಕೈಚಳಕದ ಜೊತೆ ಸಮಜಾಯಿಷಿಯನ್ನೂ ಕಲಿಯುತ್ತಾರೆ ಎಂಬುದು ಅವರ ವಾದ.

ಆ ಸಮಜಾಯಿಷಿಗಳು ನನಗೆ ದಿನಾ ಕೇಳುತ್ತವೆ. "ನಾ ಏನ್ ಮಾಡ್ಲಿರಿ, ಕುಡ್ದಿದ್ದೆ." "ಒಂದು ಬೈಕ್ ಹೋದ್ರ ಅವ್ರಿಗಿ ಏನಾಗ್ತದ, ಇನ್ಶೂರೆನ್ಸ್ ಅದ." "ಅವನಿಗಿ ಅದೇ ಬೇಕಾಗಿತ್ತು." "ಹಿಡದವರು ಭಾಳ ಸಾಚಾ ಇದ್ದಾರೇನ್ರಿ?" "ದೋಸ್ತ ಕರದಾಗ ಹ್ಯಾಂಗ ಒಲ್ಲೆ ಅನ್ಲಿ?" 1957ರಲ್ಲಿ ಸೈಕ್ಸ್ ಮತ್ತು ಮಾಟ್ಜಾ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಹೆಚ್ಚುಕಡಿಮೆ ಇವೇ ಐದು ಬಗೆಯನ್ನು ಪಟ್ಟಿ ಮಾಡಿದ್ದರು. ಅವರು ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು: ಇವು ಸಿಕ್ಕಿಬಿದ್ದ ಮೇಲೆ ಕಟ್ಟಿದ ಕಥೆಗಳಷ್ಟೇ ಅಲ್ಲ. ಕೆಲಸಕ್ಕೆ ಮೊದಲೇ ಇವು ಮನಸ್ಸಿನಲ್ಲಿ ತಯಾರಾಗಿರುತ್ತವೆ. ತಪ್ಪು ಅಂತ ಗೊತ್ತಿರುವವನಿಗೂ ಇವು ದಾರಿ ಬಿಟ್ಟುಕೊಡುತ್ತವೆ. ಮನೆಯಲ್ಲಿ ಮಗ ಇಂಥ ಮಾತು ಆಡಿದಾಗಲೇ ಕಿವಿಗೊಡಬೇಕು.

ಹುಡುಗರ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಸಂಕಟ ಕೊಡುವುದು ಇದೇ. ಬೇರೆ ಬೇರೆ ದೇಶಗಳ ಲೆಕ್ಕ ನೋಡಿದರೆ ಅಪರಾಧ ಹದಿಹರೆಯದ ಕೊನೆಗೆ ಏರಿ, ಇಪ್ಪತ್ತು ದಾಟಿದ ಮೇಲೆ ಇಳಿಯುತ್ತ ಹೋಗುತ್ತದೆ. ಹೆಚ್ಚಿನವರು ತಾವಾಗಿಯೇ ಬಿಡುತ್ತಾರೆ. ಬಾಸ್ಟನ್ನಿನಲ್ಲಿ ತಪ್ಪು ದಾರಿ ಹಿಡಿದಿದ್ದ 500 ಹುಡುಗರ ಹಳೆಯ ದಾಖಲೆ ಹಿಡಿದು, ಸ್ಯಾಂಪ್ಸನ್ ಮತ್ತು ಲಾಬ್ ಎಂಬ ಸಂಶೋಧಕರು ಅವರನ್ನು 70 ವರ್ಷದ ತನಕ ಹಿಂಬಾಲಿಸಿದರು. ಎಷ್ಟೋ ಜನರನ್ನು ತಿರುಗಿಸಿದ್ದು ಕೈಗೆ ಹತ್ತಿದ ಕೆಲಸ, ಒಳ್ಳೆಯ ಸಂಸಾರ.

ನಮ್ಮಲ್ಲಿ ಅಪ್ಪ ಅವ್ವ ಗುಳೆ ಹೋಗಿರುತ್ತಾರೆ. ಹುಡುಗ ಅಜ್ಜಿಯ ಕೈಯಲ್ಲಿ. ಶಾಲೆ ಬಿಟ್ಟು ಗ್ಯಾರೇಜ್ ಸೇರಿ, ಅಲ್ಲಿನ ದೊಡ್ಡ ಹುಡುಗರ ಜೊತೆ ಒಂದು ಮೊಬೈಲ್ ಎತ್ತುತ್ತಾನೆ. ಬಾಲ ನ್ಯಾಯ ಕಾಯ್ದೆ, 2015ರ 74ನೇ ಕಲಮಿನ ಪ್ರಕಾರ ಅವನ ಹೆಸರು, ಫೋಟೋ ಹೊರಗೆ ಬರುವಂತಿಲ್ಲ. ಆದರೆ ಸಂಜೆಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಇರುತ್ತದೆ. ಆಮೇಲೆ ಯಾವ ಗ್ಯಾರೇಜೂ ಕರೆಯುವುದಿಲ್ಲ. ಕರೆಯುವವರು ಅದೇ ದೊಡ್ಡ ಹುಡುಗರು. ಆ ಫೋಟೋ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. "ಹಂಗಾದ್ರ ಶಿಕ್ಷಾ ಬ್ಯಾಡೇನ್ರಿ?" ಬೇಕು. ಬದುವಿನ ಮೇಲೆ ಸತ್ತವನಿಗೂ ಹೆಂಡತಿ ಮಕ್ಕಳಿದ್ದರು. ಅವರ ಮುಂದೆ ನಿಂತು ಯಾವ ಸಂಶೋಧನೆಯನ್ನೂ ಹೇಳಲಾಗದು. ಕಾನೂನು ಕೂಡ ಗಂಭೀರವಾದ, ಹಠಾತ್ ಪ್ರಚೋದನೆಗೆ ಮಾತ್ರ ರಿಯಾಯಿತಿ ಕೊಡುತ್ತದೆ. ತಿಂಗಳುಗಟ್ಟಲೆ ಒಳಗೇ ಕುದ್ದು ಹೊಡೆದವನಿಗೆ ಅದು ಸಿಗುವುದು ಕಷ್ಟ. ಕಾರಣ ತಿಳಿಯುವುದು ಮುಂದಿನ ಖೂನ್ ತಡೆಯುವುದಕ್ಕೆ. ಶಿಕ್ಷೆಯಲ್ಲೂ ಅಳತೆ ಇದೆ: 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ತಪ್ಪಿತಸ್ಥನಾದವ ಅದನ್ನು ಹಿಂತಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ.

ಬದುವಿನ ತಕರಾರು ನಿಮ್ಮ ಮನೆಯಲ್ಲೇ ಇದ್ದರೆ ಕುದಿಯುತ್ತ ಕೂಡಬೇಡಿ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ದಾವೆ ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿಗೆ ಕೂರಬಹುದು. ದಾವೆ ನಡೆಯುತ್ತಿದ್ದು ಅಲ್ಲಿ ರಾಜಿಯಾದರೆ ಕೋರ್ಟ್ ಫೀ ವಾಪಸ್ ಬರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಪುಕ್ಕಟೆ. ಫೋನ್ ನಂಬರ್ 15100.